ಗೋಡೆಗಳಿಗೆ ಹೇಳಿದ ದುಃಖ: ಸಣ್ಣಕಥೆಗಳಲ್ಲಿ ಹೆಣ್ಣು, ಮನೆ ಮತ್ತು ಹುಚ್ಚು

ಎ.ಕೆ. ರಾಮಾನುಜನ್ ಅವರು 1991ರಲ್ಲಿ ಪ್ರಕಟಿಸಿದ ಭಾರತೀಯ ಜನಪದ ಕಥೆಗಳ ಸಂಕಲನದಲ್ಲಿ ತಮಿಳಿನ ಒಂದು ಪುಟ್ಟ ಕಥೆಯಿದೆ. ಇಬ್ಬರು ಗಂಡುಮಕ್ಕಳು ಮತ್ತು ಇಬ್ಬರು ಸೊಸೆಯರೊಡನೆ ಬದುಕುವ ಬಡ ವಿಧವೆಯೊಬ್ಬಳು ಆ ನಾಲ್ವರಿಂದಲೂ ದಿನನಿತ್ಯ ಬೈಗುಳ ತಿನ್ನುತ್ತಾಳೆ. ಹೇಳಿಕೊಳ್ಳಲು ಅವಳಿಗೆ ಯಾರೂ ಇಲ್ಲ. ಹೇಳದೆ ಉಳಿದ ದುಃಖವೆಲ್ಲ ಒಳಗೇ ಸೇರಿ ಅವಳ ಮೈ ಊದುತ್ತ ಹೋಗುತ್ತದೆ. ದಪ್ಪಗಾದದ್ದಕ್ಕೂ ಮನೆಯವರು ಅವಳನ್ನೇ ಹಂಗಿಸುತ್ತಾರೆ. ಒಂದು ದಿನ ಮನೆ ಬಿಟ್ಟು ಅಲೆಯುತ್ತ ಊರಾಚೆಯ ಹಾಳುಮನೆಯೊಂದನ್ನು ಹೊಕ್ಕ ಆಕೆ ಅದರ ಒಂದು ಗೋಡೆಗೆ ಹಿರಿಯ ಮಗನ ಮೇಲಿನ ದೂರನ್ನು ಹೇಳಿಕೊಳ್ಳುತ್ತಾಳೆ. ಗೋಡೆ ಕುಸಿದು ಬೀಳುತ್ತದೆ, ಅವಳ ಮೈ ಸ್ವಲ್ಪ ಹಗುರಾಗುತ್ತದೆ. ಹೀಗೆ ಒಬ್ಬೊಬ್ಬರ ಮೇಲಿನ ದೂರನ್ನು ಒಂದೊಂದು ಗೋಡೆಗೆ ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಗೋಡೆಗಳೂ ಮಣ್ಣುಪಾಲಾಗಿ, ಆಕೆ ಬಯಲಿನಲ್ಲಿ ಹಗುರಾಗಿ ನಿಂತಿರುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ಹೇಳಲಾಗದ ದುಃಖವು ದೇಹವನ್ನು ಹೊಕ್ಕು ರೋಗವಾಗುತ್ತದೆ ಎಂಬ ತಿಳಿವಳಿಕೆ ಜನಪದರಿಗೆ ಬಹಳ ಹಿಂದಿನಿಂದ ಇತ್ತೆಂಬುದಕ್ಕೆ ಈ ಕಥೆ ಸಾಕ್ಷಿ. ಮನೋವೈದ್ಯಶಾಸ್ತ್ರವು ಇದೇ ಸಂಗತಿಯನ್ನು ತನ್ನ ಪರಿಭಾಷೆಯಲ್ಲಿ ಕಂಡುಕೊಳ್ಳುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ, ಪತ್ರಿಕೆಗಳ ಮೂಲಕ ಹರಡುತ್ತಿದ್ದ ಸಣ್ಣಕಥೆಯೆಂಬ ಹೊಸ ಪ್ರಕಾರವೂ ಇದನ್ನು ತನ್ನ ವಸ್ತುವಾಗಿಸಿಕೊಂಡಿತು. ಆದರೆ ಅಲ್ಲಿ ಗೋಡೆಗಳು ಬೀಳುವುದಿಲ್ಲ. ಅಮೆರಿಕದ ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರ 'ಹಳದಿ ಗೋಡೆಕಾಗದ', ರವೀಂದ್ರನಾಥ ಠಾಕೂರರ 'ಜೀವಿತ ಓ ಮೃತ', ಚೀನದ ಲು ಷುನ್ ಅವರ 'ಹೊಸವರ್ಷದ ಬಲಿ' ಎಂಬ ಮೂರು ಕಥೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ವ್ಯತ್ಯಾಸದ ಅರ್ಥ ಸ್ಪಷ್ಟವಾಗುತ್ತದೆ. ಮೊದಲೆರಡು ಕಥೆಗಳು ಪ್ರಕಟವಾದದ್ದು 1892ರಲ್ಲಿಯೇ, ಮೂರನೆಯದು 1924ರದು. ಒಬ್ಬರ ಪ್ರಭಾವ ಇನ್ನೊಬ್ಬರ ಮೇಲೆ ಆಗಿರಬಹುದೆಂಬ ಶಂಕೆಗೆ ಇಲ್ಲಿ ಅವಕಾಶವಿಲ್ಲ. ಮೂರು ಭಿನ್ನ ಸಮಾಜಗಳು ತಮ್ಮ ತಮ್ಮ ದಾರಿಯಲ್ಲಿ ಒಂದೇ ಬಗೆಯ ಮನೆಯ ಬಾಗಿಲಿಗೆ ಬಂದು ನಿಂತವೆಂಬುದೇ ಇಲ್ಲಿನ ಕುತೂಹಲದ ಅಂಶ.

'ಹುಚ್ಚು' ಎಂಬ ಪದದ ಬಗೆಗೆ ಮೊದಲು ಒಂದು ಮಾತು ಅಗತ್ಯ. ಕನ್ನಡದಲ್ಲಿ ಹುಚ್ಚು, ಮರುಳು, ಭ್ರಮೆ, ಗಾಳಿ ಸೋಕುವುದು, ಮೈಮೇಲೆ ಬರುವುದು ಎಂಬ ಪದಗಳು ಒಂದೇ ಅರ್ಥವನ್ನು ಕೊಡುವುದಿಲ್ಲ. ಒಂದೊಂದು ಪದದ ಹಿಂದೆಯೂ ಅದನ್ನು ಗುರುತಿಸುವ, ಹೆಸರಿಡುವ ಅಧಿಕಾರವುಳ್ಳ ಒಬ್ಬೊಬ್ಬ ವ್ಯಕ್ತಿ ನಿಂತಿರುತ್ತಾನೆ. ಗಾಳಿಯನ್ನು ಗುರುತಿಸುವವನು ಮಂತ್ರವಾದಿ, ಮೈಮೇಲೆ ಬಂದ ದೇವರನ್ನು ಒಪ್ಪಬೇಕಾದವರು ಊರಿನವರು, ಹುಚ್ಚೆಂದು ತೀರ್ಮಾನಿಸುವವರು ಮನೆಯವರು ಅಥವಾ ವೈದ್ಯರು. ಶರಣ ಪರಂಪರೆಯಲ್ಲಿ ಮರುಳಶಂಕರದೇವನಂಥವರಿಗೆ ಮರುಳುತನವು ಹಿರಿಮೆಯ ಗುರುತಾಗಿ ಒದಗಿದ್ದುಂಟು. ಗಂಡಸಿನ ಹುಚ್ಚಿಗೆ ಅವಧೂತನ ದಾರಿಯೊಂದು ತೆರೆದೇ ಇರುತ್ತದೆ. ಸಂಸಾರದೊಳಗಿನ ಹೆಣ್ಣಿಗೆ ಆ ದಾರಿ ಸುಲಭವಾಗಿ ದೊರೆತದ್ದಲ್ಲ. ಅವಳ ಹುಚ್ಚು ಮನೆಯ ಮರ್ಯಾದೆಯ ಪ್ರಶ್ನೆಯಾಗಿಬಿಡುತ್ತದೆ. ಮರ್ಯಾದೆಯ ಪ್ರಶ್ನೆಯಾದ ಮೇಲೆ ಅದು ಬಾಗಿಲ ಹಿಂದೆ ಅಡಗಬೇಕಾಗುತ್ತದೆ.

ಗಿಲ್ಮನ್ ಅವರ ಕಥೆಯ ಹಿನ್ನೆಲೆಯನ್ನು ತಿಳಿಯದೆ ಅದರ ಮೊನೆ ತಿಳಿಯುವುದಿಲ್ಲ. 1860ರಲ್ಲಿ ಜನಿಸಿದ ಗಿಲ್ಮನ್ 1884ರಲ್ಲಿ ಚಿತ್ರಕಾರ ವಾಲ್ಟರ್ ಸ್ಟೆಟ್‌ಸನ್‌ರನ್ನು ವಿವಾಹವಾದರು. 1885ರಲ್ಲಿ ಮಗಳು ಹುಟ್ಟಿದ ಬಳಿಕ ತೀವ್ರ ಖಿನ್ನತೆಗೆ ಒಳಗಾದ ಅವರು 1887ರಲ್ಲಿ ಫಿಲಡೆಲ್ಫಿಯಾದ ಪ್ರಸಿದ್ಧ ನರರೋಗ ತಜ್ಞ ಸೈಲಸ್ ವಿಯರ್ ಮಿಚೆಲ್‌ರ ಬಳಿ ಚಿಕಿತ್ಸೆಗೆ ಹೋದರು. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ನರಗಳನ್ನು ಕುರಿತ ಅಧ್ಯಯನದಿಂದ ಹೆಸರಾಗಿದ್ದ ಮಿಚೆಲ್ 'ವಿಶ್ರಾಂತಿ ಚಿಕಿತ್ಸೆ' ಎಂಬ ಪದ್ಧತಿಯನ್ನು ರೂಪಿಸಿದ್ದರು. ರೋಗಿಯನ್ನು ಮನೆಯವರಿಂದ ದೂರವಿಟ್ಟು, ವಾರಗಟ್ಟಲೆ ಹಾಸಿಗೆಯಿಂದ ಏಳಲು ಬಿಡದೆ, ಹಾಲು ಮುಂತಾದ ಪುಷ್ಟಿಕರ ಆಹಾರವನ್ನು ಮೇಲಿಂದ ಮೇಲೆ ತಿನ್ನಿಸಿ, ಮೈ ತಿಕ್ಕಿಸಿ, ವಿದ್ಯುತ್ತಿನ ಸ್ಪರ್ಶ ಕೊಡುವುದು ಅದರ ಕ್ರಮ. ಓದು ಬರಹ ನಿಷಿದ್ಧ. ಈ ಚಿಕಿತ್ಸೆಯನ್ನು ವಿವರಿಸಿ ಮಿಚೆಲ್ 1877ರಲ್ಲಿ ಪ್ರಕಟಿಸಿದ ಪುಸ್ತಕದ ಹೆಸರು 'ಕೊಬ್ಬು ಮತ್ತು ರಕ್ತ' ಎಂದು. ತಮಿಳಿನ ಮುದುಕಿಯ ಕಥೆಯನ್ನು ಬಲ್ಲವರಿಗೆ ಈ ಹೆಸರು ವಿಚಿತ್ರವಾಗಿ ಕಾಣದಿರದು. ಜನಪದ ಕಥೆಯಲ್ಲಿ ಹೆಣ್ಣು ದಪ್ಪಗಾಗುವುದು ರೋಗದ ಲಕ್ಷಣ, ಮಾತನಾಡುವುದು ಮದ್ದು. ವೈದ್ಯರ ಪದ್ಧತಿಯಲ್ಲಿ ಹೆಣ್ಣು ದಪ್ಪಗಾಗುವುದು ಗುಣವಾದುದರ ಲಕ್ಷಣ, ಮಾತು ಮತ್ತು ಬರಹ ರೋಗದ ಮೂಲ. ಇದೇ ವೈದ್ಯರು ನರದೌರ್ಬಲ್ಯದಿಂದ ಬಳಲಿದ ಗಂಡಸರಿಗೆ ಸೂಚಿಸುತ್ತಿದ್ದ ಮದ್ದು ಬೇರೆ. ಓವೆನ್ ವಿಸ್ಟರ್ ಎಂಬ ಯುವಕನನ್ನು ಅವರು ಪಶ್ಚಿಮದ ಹುಲ್ಲುಗಾವಲಿಗೆ, ಕುದುರೆ ಸವಾರಿಗೆ, ಬಯಲಿನ ಗಾಳಿಗೆ ಕಳುಹಿಸಿದರು. ಆತ ಮುಂದೆ ಆ ಅನುಭವದಿಂದಲೇ ಕಾದಂಬರಿಕಾರನಾದ.

ಸುಮಾರು ಒಂದು ತಿಂಗಳ ಚಿಕಿತ್ಸೆಯ ಬಳಿಕ ಗಿಲ್ಮನ್‌ರಿಗೆ ದೊರೆತ ಉಪದೇಶವನ್ನು ಅವರೇ 1913ರಲ್ಲಿ ತಮ್ಮ 'ಫೋರ್‌ರನ್ನರ್' ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಆದಷ್ಟೂ ಗೃಹಿಣಿಯಾಗಿ ಬದುಕಬೇಕು, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬುದ್ಧಿಯ ಕೆಲಸ ಕೂಡದು, ಲೇಖನಿಯನ್ನಾಗಲೀ ಕುಂಚವನ್ನಾಗಲೀ ಬದುಕಿರುವವರೆಗೆ ಮುಟ್ಟಬಾರದು ಎಂಬುದು ಅದರ ಸಾರ. ಮೂರು ತಿಂಗಳು ಅದನ್ನು ಪಾಲಿಸಿದ ಅವರು ಬುದ್ಧಿ ಪೂರ್ಣ ಕದಡುವ ಅಂಚಿಗೆ ಬಂದು, ಉಪದೇಶವನ್ನು ಬದಿಗೊತ್ತಿ ಮತ್ತೆ ಬರೆಯತೊಡಗಿದರು. ಗಂಡನಿಂದ ದೂರವಾಗಿ ಕ್ಯಾಲಿಫೋರ್ನಿಯಕ್ಕೆ ಹೋಗಿ 1890ರಲ್ಲಿ ಈ ಕಥೆಯನ್ನು ರಚಿಸಿದರು. 'ಅಟ್ಲಾಂಟಿಕ್ ಮಂತ್ಲಿ'ಯ ಸಂಪಾದಕರು ಅದನ್ನು ಹಿಂದಿರುಗಿಸಿದರು. ಓದಿ ತಾವು ಪಟ್ಟ ಸಂಕಟವನ್ನು ಇತರರಿಗೂ ಹಂಚಲು ಅವರಿಗೆ ಮನಸ್ಸಾಗಲಿಲ್ಲವಂತೆ. ಕೊನೆಗೆ 1892ರ ಜನವರಿಯಲ್ಲಿ 'ನ್ಯೂ ಇಂಗ್ಲೆಂಡ್ ಮ್ಯಾಗಜೀನ್'ನಲ್ಲಿ ಅದು ಬೆಳಕು ಕಂಡಿತು.

ಕಥೆಯ ಹೊರರೂಪ ಸರಳ. ಮಗುವನ್ನು ಹೆತ್ತ ಬಳಿಕ ಅಸ್ವಸ್ಥಳಾದ ಹೆಂಗಸನ್ನು ವೈದ್ಯನಾದ ಗಂಡ ಬೇಸಗೆಯ ಮೂರು ತಿಂಗಳ ಮಟ್ಟಿಗೆ ಬಾಡಿಗೆ ಬಂಗಲೆಗೆ ಕರೆತರುತ್ತಾನೆ. ಆಕೆಯ ಅಣ್ಣನೂ ವೈದ್ಯ, ಅವನದೂ ಅದೇ ಅಭಿಪ್ರಾಯ. ಮಗುವನ್ನು ನೋಡಿಕೊಳ್ಳಲು ಒಬ್ಬಳು, ಮನೆ ನೋಡಿಕೊಳ್ಳಲು ನಾದಿನಿ. ಆಕೆಗೆ ಕೊಟ್ಟದ್ದು ಮಹಡಿಯ ಮೇಲಿನ, ಹಿಂದೊಮ್ಮೆ ಮಕ್ಕಳ ಕೋಣೆಯಾಗಿದ್ದಿರಬಹುದಾದ ಕೋಣೆ. ಕಿಟಕಿಗಳಿಗೆ ಸರಳು, ಗೋಡೆಗೆ ಉಂಗುರಗಳು, ನೆಲಕ್ಕೆ ಮೊಳೆ ಹೊಡೆದು ನಿಲ್ಲಿಸಿದ ಮಂಚ, ಅಲ್ಲಲ್ಲಿ ಕಿತ್ತುಹೋದ ಹಳದಿ ಗೋಡೆಕಾಗದ. ಗಂಡ ಕೆಟ್ಟವನಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಆತ ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಮುದ್ದಿನ ಹೆಸರುಗಳಿಂದ ಕರೆಯುತ್ತಾನೆ, ಎತ್ತಿಕೊಂಡು ಹೋಗಿ ಮಲಗಿಸುತ್ತಾನೆ. ಆಕೆ ಏನು ಹೇಳಿದರೂ ನಗುತ್ತಾನೆ. ಅತ್ತೆಯ ಬಾಯಿಗೆ ಹೆದರುವ ಸೊಸೆಗೆ ತನ್ನ ಶತ್ರು ಯಾರೆಂಬುದಾದರೂ ತಿಳಿದಿರುತ್ತದೆ. ಈ ಹೆಂಗಸಿಗೆ ಆ ಅನುಕೂಲವೂ ಇಲ್ಲ. ಪ್ರೀತಿಯ ರೂಪದಲ್ಲಿ ಬರುವ ಯಜಮಾನಿಕೆಯನ್ನು ದೂರಲು ಅವಳಲ್ಲಿ ಭಾಷೆಯೇ ಇಲ್ಲ.

ಆದ್ದರಿಂದ ಅವಳು ಕದ್ದು ಬರೆಯುತ್ತಾಳೆ, ಯಾರಾದರೂ ಬಂದರೆ ಬಚ್ಚಿಡುತ್ತಾಳೆ. ಬರೆಯುವುದೂ ಕಷ್ಟವಾಗುತ್ತ ಬಂದಂತೆ ಅವಳ ಗಮನವೆಲ್ಲ ಗೋಡೆಯ ಕಡೆ ತಿರುಗುತ್ತದೆ. ಕಾಗದದ ಬಳ್ಳಿವಿನ್ಯಾಸದ ಹಿಂದೆ ಇನ್ನೊಂದು ವಿನ್ಯಾಸ, ಅದರ ಹಿಂದೆ ಬಾಗಿ ತೆವಳುವ ಒಬ್ಬ ಹೆಂಗಸು, ಆಮೇಲೆ ಅನೇಕ ಹೆಂಗಸರು, ಬೆಳದಿಂಗಳಲ್ಲಿ ಸರಳುಗಳಾಗಿ ಕಾಣುವ ಬಳ್ಳಿಗಳು. ಕೊನೆಯ ದಿನ ಆಕೆ ಒಳಗಿನಿಂದ ಬಾಗಿಲು ಹಾಕಿ, ಬೀಗದ ಕೈಯನ್ನು ಕಿಟಕಿಯಿಂದ ಹೊರಗೆಸೆದು, ಕಾಗದವನ್ನೆಲ್ಲ ಕೀಳುತ್ತಾಳೆ. ಒಳಗೆ ಬಂದ ಗಂಡ ಮೂರ್ಛೆ ಬೀಳುತ್ತಾನೆ. ಅವನು ಬಿದ್ದದ್ದು ಗೋಡೆಯ ಪಕ್ಕದ ದಾರಿಯಲ್ಲಿ. ಆಕೆ ಪ್ರತಿ ಸುತ್ತಿನಲ್ಲೂ ಅವನನ್ನು ದಾಟಿ ತೆವಳಬೇಕಾಗುತ್ತದೆ.

1973ರಲ್ಲಿ ಅಮೆರಿಕದ ಫೆಮಿನಿಸ್ಟ್ ಪ್ರೆಸ್ ಈ ಕಥೆಯನ್ನು ಬಿಡಿಪುಸ್ತಕವಾಗಿ ಮರುಮುದ್ರಿಸಿದ ಮೇಲೆ ಇದು ಸ್ತ್ರೀವಾದಿ ವಿಮರ್ಶೆಯ ಮೂಲಪಠ್ಯಗಳಲ್ಲಿ ಒಂದಾಯಿತು. 1979ರಲ್ಲಿ ಸಾಂಡ್ರಾ ಗಿಲ್ಬರ್ಟ್ ಮತ್ತು ಸೂಸನ್ ಗೂಬರ್ ತಮ್ಮ 'ಅಟ್ಟದ ಮೇಲಿನ ಹುಚ್ಚಿ' ಗ್ರಂಥದಲ್ಲಿ ಇದನ್ನು ಸಾಹಿತ್ಯಲೋಕದ ಎಲ್ಲ ಹೆಣ್ಣುಗಳ ಸೆರೆ ಮತ್ತು ಬಿಡುಗಡೆಯ ಕಥೆಯಾಗಿ ಓದಿದರು. ಹಳದಿ ಬಣ್ಣದ ಮೇಲಿನ ಅಸಹ್ಯದ ಹಿಂದೆ ಆ ಕಾಲದ ವರ್ಣಭೀತಿಯೂ ಇದೆಯೆಂದು ಸೂಸನ್ ಲ್ಯಾನ್ಸರ್ 1989ರಲ್ಲಿ ವಾದಿಸಿದರು. ಗಿಲ್ಮನ್‌ರ ಇತರ ಬರಹಗಳಲ್ಲಿನ ಜನಾಂಗೀಯ ಪೂರ್ವಗ್ರಹಗಳನ್ನು ಬಲ್ಲವರು ಆ ವಾದವನ್ನು ತಳ್ಳಿಹಾಕಲಾರರು. ಆದರೆ ಕೊನೆಯ ದೃಶ್ಯವನ್ನು ಗೆಲುವೆಂದು ಕರೆಯುವುದು ಆತುರದ ಮಾತು. ಕಾಗದ ಹರಿದಿದೆ, ಗೋಡೆ ಹಾಗೆಯೇ ನಿಂತಿದೆ. ಆಕೆ ಬಿಡುಗಡೆಗೊಳಿಸಿದ ಹೆಂಗಸು ತಾನೇ ಆಗಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದೇ ಕೋಣೆಯ ಸುತ್ತ ತೆವಳುತ್ತಿದ್ದಾಳೆ. ಮುದುಕಿಯ ಗೋಡೆ ಕೇಳಿಸಿಕೊಂಡು ಬಿತ್ತು. ಈ ಗೋಡೆ ಕೇಳಿಸಿಕೊಳ್ಳುವ ಬದಲು ಅವಳನ್ನೇ ಒಳಗೆಳೆದುಕೊಂಡಿತು. ಕಥೆಯ ಪ್ರತಿಯನ್ನು ಗಿಲ್ಮನ್ ತಮ್ಮ ವೈದ್ಯರಿಗೆ ಕಳುಹಿಸಿದರು, ಉತ್ತರ ಬರಲಿಲ್ಲ. ಅವರು ಚಿಕಿತ್ಸೆಯ ಕ್ರಮವನ್ನು ಬದಲಿಸಿದರೆಂದು ತಾವು ಬಹಳ ವರ್ಷಗಳ ಮೇಲೆ ಕೇಳಿದ್ದಾಗಿ ಗಿಲ್ಮನ್ ಬರೆದಿದ್ದರೂ ಅದಕ್ಕೆ ವೈದ್ಯರ ಬರಹಗಳಲ್ಲಿ ಆಧಾರ ದೊರೆತಿಲ್ಲ.

ಅದೇ 1892ರಲ್ಲಿ ಠಾಕೂರರ 'ಜೀವಿತ ಓ ಮೃತ' ಬಂಗಾಳಿಯ 'ಸಾಧನಾ' ಪತ್ರಿಕೆಯಲ್ಲಿ ಪ್ರಕಟವಾಯಿತು. ರಾಣಿಹಾಟದ ಜಮೀನ್ದಾರ ಶಾರದಾಶಂಕರನ ಮನೆಯಲ್ಲಿರುವ ಕಾದಂಬಿನಿ ಮಕ್ಕಳಿಲ್ಲದ ವಿಧವೆ. ತವರಿನಲ್ಲಿ ಯಾರೂ ಉಳಿದಿಲ್ಲ, ಗಂಡನ ಕಡೆಯಲ್ಲಿಯೂ ತನ್ನವರೆನ್ನಬಹುದಾದವರು ಇಲ್ಲ. ಇರುವುದೊಂದೇ ಬಂಧ, ತಾನೇ ಎತ್ತಿ ಆಡಿಸಿದ ಶಾರದಾಶಂಕರನ ಚಿಕ್ಕ ಮಗ. ಒಂದು ಶ್ರಾವಣದ ರಾತ್ರಿ ಅವಳ ಹೃದಯದ ಬಡಿತ ನಿಂತುಹೋಗುತ್ತದೆ. ಪೊಲೀಸರ ತೊಂದರೆ ಬೇಡವೆಂದು ಹೆಚ್ಚಿನ ವಿಧಿಯಿಲ್ಲದೆ ನಾಲ್ವರು ಹೆಣವನ್ನು ಸ್ಮಶಾನಕ್ಕೆ ಹೊತ್ತೊಯ್ಯುತ್ತಾರೆ. ಸೌದೆಗಾಗಿ ಕಾಯುತ್ತಿರುವಾಗ ಹೆಣ ಅಲುಗಾಡುತ್ತದೆ. ಕಾವಲಿದ್ದವರು ಹೆದರಿ ಓಡಿ, ಸುಟ್ಟೆವೆಂದು ಮನೆಯಲ್ಲಿ ಸುಳ್ಳು ಹೇಳುತ್ತಾರೆ. ಎಚ್ಚೆತ್ತ ಕಾದಂಬಿನಿ ತಾನು ಸತ್ತಿರುವೆನೆಂದೇ ನಂಬುತ್ತಾಳೆ.

ಈ ನಂಬಿಕೆಯನ್ನು ಭ್ರಮೆಯೆಂದು ಬದಿಗೆ ಸರಿಸುವುದು ಸುಲಭ. ಆದರೆ ಆ ಕಾಲದ ಮೇಲುಜಾತಿಯ ಕುಟುಂಬದಲ್ಲಿ ವಿಧವೆಯ ಸ್ಥಾನವೇನೆಂಬುದನ್ನು ನೆನೆದರೆ ಅದು ಭ್ರಮೆಗಿಂತ ವರದಿಯಂತೆ ಕೇಳಿಸುತ್ತದೆ. ಬಣ್ಣದ ಸೀರೆಯಿಲ್ಲ, ಮಂಗಳಕಾರ್ಯದಲ್ಲಿ ಪಾಲಿಲ್ಲ, ಎದುರಾದರೆ ಅಪಶಕುನ. ಬದುಕಿರುವಾಗಲೇ ಪ್ರೇತಕ್ಕೆ ಸಲ್ಲುವ ನಿಯಮಗಳೆಲ್ಲ ಅವಳಿಗೆ ಸಲ್ಲುತ್ತಿದ್ದವು. ಗೆಳತಿ ಯೋಗಮಾಯೆಯ ಮನೆಯಲ್ಲಿ ಆಶ್ರಯ ಪಡೆದರೂ ಕಾದಂಬಿನಿ ಅಲ್ಲಿ ಸೇರಿಕೊಳ್ಳಲಾರಳು. ಗೆಳತಿಯ ಗಂಡ ರಾಣಿಹಾಟಕ್ಕೆ ಹೋಗಿ ವಿಚಾರಿಸಿ, ಅವಳು ಸತ್ತದ್ದು ನಿಜವೆಂದು ತಿಳಿದು ಬರುತ್ತಾನೆ. ಕೊನೆಗೆ ಮಳೆಯ ರಾತ್ರಿಯಲ್ಲಿ ತನ್ನ ಮನೆಗೇ ಮರಳಿದ ಕಾದಂಬಿನಿಯನ್ನು ಗುರುತಿಸಿ ಹೆದರದೆ ಕರೆಯುವವನು ಜ್ವರದಲ್ಲಿ ಮಲಗಿದ್ದ ಆ ಮಗು ಮಾತ್ರ. ಅವನ ಮೈ ಸೋಕಿದ ಕ್ಷಣದಲ್ಲಿ ತಾನು ಸತ್ತಿಲ್ಲವೆಂಬುದು ಅವಳಿಗೆ ಖಚಿತವಾಗುತ್ತದೆ. ಮನೆಯ ಹಿರಿಯರು ಕೈಮುಗಿದು ಹೊರಟುಹೋಗೆಂದು ಬೇಡುತ್ತಾರೆ. ಕಂಚಿನ ಬಟ್ಟಲಿನಿಂದ ಹಣೆ ಚಚ್ಚಿಕೊಂಡು ರಕ್ತ ತೋರಿಸಿದರೂ ನಂಬುವವರಿಲ್ಲ. ಆಕೆ ಓಡಿಹೋಗಿ ಒಳಮನೆಯ ಕೊಳಕ್ಕೆ ಹಾರುತ್ತಾಳೆ. ಅವಳು ಅಷ್ಟು ಹೊತ್ತು ಬದುಕಿದ್ದಳೆಂಬುದು ಮೇಲಿನ ಕೋಣೆಯಲ್ಲಿದ್ದವರಿಗೆ ತಿಳಿಯುವುದು ನೀರಿನ ಸದ್ದಿನಿಂದ.

ಗಿಲ್ಮನ್‌ರ ನಾಯಕಿಯನ್ನು ಮನೆ ಹೊರಗೆ ಬಿಡದು, ಕಾದಂಬಿನಿಯನ್ನು ಮನೆ ಒಳಗೆ ಸೇರಿಸದು. ಎರಡೂ ಕಡೆ ಹೆಣ್ಣಿನ ಮಾತಿಗೆ ಸಾಕ್ಷ್ಯದ ಬೆಲೆಯಿಲ್ಲ ಎಂಬುದೇ ಸಮಾನ ಅಂಶ. ವೈದ್ಯ ಹೇಳಿದ ಮೇಲೆ ಅವಳಿಗೆ ರೋಗವಿಲ್ಲ, ಊರು ಹೇಳಿದ ಮೇಲೆ ಇವಳಿಗೆ ಜೀವವಿಲ್ಲ. ತ್ರಿವೇಣಿ ಅವರ 'ಶರಪಂಜರ'ವನ್ನು ಓದಿದ, ಅಥವಾ 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಆಧರಿಸಿ ಮಾಡಿದ ಚಿತ್ರವನ್ನು ನೋಡಿದ ಕನ್ನಡಿಗರಿಗೆ ಈ ಸ್ಥಿತಿ ಹೊಸದಲ್ಲ. ಮಾನಸಿಕ ಆಸ್ಪತ್ರೆಯಿಂದ ಗುಣಮುಖಳಾಗಿ ಮರಳಿದ ಕಾವೇರಿಯನ್ನು ಮನೆ ಗುಣಮುಖಳೆಂದು ಒಪ್ಪದು. ಅವಳ ಪ್ರತಿಯೊಂದು ಸಿಟ್ಟೂ ಹಳೆಯ ರೋಗದ ಗುರುತಾಗುತ್ತದೆ. ಅದು ಕಾದಂಬರಿಯಾದ್ದರಿಂದ ಇಲ್ಲಿ ವಿಸ್ತರಿಸುವುದು ಅನಗತ್ಯ.

ಜನಪದ ನಂಬಿಕೆಯ ದೃಷ್ಟಿಯಿಂದ ಕಾದಂಬಿನಿಯ ಕಥೆಯಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಪ್ರೇತಕ್ಕೆ ಜನಪದ ಸಮಾಜದಲ್ಲಿ ಒಂದು ಹಕ್ಕಿದೆ, ಕೇಳಿಸಿಕೊಳ್ಳಲ್ಪಡುವ ಹಕ್ಕು. ಗಾಳಿ ಸೋಕಿದ ಹೆಂಗಸನ್ನು ಯಾರು ನೀನು, ಏಕೆ ಬಂದೆ, ಏನು ಬೇಕು ಎಂದು ಕೇಳುವುದು ಬಿಡಿಸುವ ಕ್ರಮದ ಮೊದಲ ಹೆಜ್ಜೆ. ಸೊಸೆಯಾಗಿ ಆಡಲಾಗದ ಮಾತನ್ನು ದೆವ್ವವಾಗಿ ಆಡಬಹುದು. ಅತ್ತೆಯನ್ನು ಏಕವಚನದಲ್ಲಿ ಕರೆಯಬಹುದು, ಹೊಸ ಸೀರೆ ಬೇಡಬಹುದು, ತವರಿಗೆ ಕಳುಹಿಸದವರನ್ನು ಶಪಿಸಬಹುದು. ತಪ್ಪು ದೆವ್ವದ್ದು, ಅವಳದಲ್ಲ. ಮೈದುಂಬುವಿಕೆಯು ಅಧಿಕಾರವಿಲ್ಲದವರ, ಅದರಲ್ಲಿಯೂ ಹೆಂಗಸರ, ಪರೋಕ್ಷ ಪ್ರತಿಭಟನೆಯೆಂದು ಮಾನವಶಾಸ್ತ್ರಜ್ಞ ಐ.ಎಂ. ಲೂಯಿಸ್ 1971ರಲ್ಲಿ ಮಂಡಿಸಿದ ವಿಚಾರವು ಕರ್ನಾಟಕದ ಗಾಣಗಾಪುರದಂಥ ಕ್ಷೇತ್ರಗಳಲ್ಲಿ ಕಾಣುವ ಎಷ್ಟೋ ಸಂಗತಿಗಳಿಗೆ ಹೊಂದುತ್ತದೆ. ಹಾಗೆಂದು ಇದನ್ನು ಚಿಕಿತ್ಸೆಯೆಂದು ಕೊಂಡಾಡುವುದು ಸರಿಯಲ್ಲ. ಕೇಳುವ ಪ್ರಶ್ನೆಯ ಜೊತೆಗೇ ಬೇವಿನ ಬರಲು, ಮೆಣಸಿನಕಾಯಿ ಹೊಗೆ, ಜುಟ್ಟು ಹಿಡಿದು ಬಡಿಯುವ ಕೈ ಕೂಡ ಬರುತ್ತವೆ. ದೆವ್ವ ಬಿಡಿಸುವ ನೆಪದ ಹಿಂಸೆಯನ್ನು ಕರ್ನಾಟಕ ರಾಜ್ಯವು 2017ರ ಕಾಯಿದೆಯ ಮೂಲಕ ಅಪರಾಧವೆಂದು ಘೋಷಿಸಬೇಕಾಯಿತು. ದೆವ್ವ ಮಾತನಾಡಿ ಹೊರಟುಹೋದ ಮೇಲೆ ಸೊಸೆ ಮತ್ತೆ ಅದೇ ಅಡುಗೆಮನೆಗೆ ಮರಳಬೇಕೆಂಬುದನ್ನೂ ಮರೆಯಲಾಗದು. ಆದರೂ ಠಾಕೂರರ ಭದ್ರಲೋಕದ ಮನೆಯಲ್ಲಿ ಆ ಒರಟು ಪ್ರಶ್ನೆಯೂ ಇಲ್ಲ. ಅಲ್ಲಿನವರು ಪ್ರೇತಕ್ಕೆ ಹೆದರುತ್ತಾರೆ, ಆದರೆ ಅದಕ್ಕೆ ಏನು ಬೇಕೆಂದು ಕೇಳುವುದನ್ನು ಮರೆತಿದ್ದಾರೆ.

ಲು ಷುನ್ ಅವರ ಕಥೆ ಈ ಪ್ರಶ್ನೆಯನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಜನಪದ ಅಧ್ಯಯನಕಾರರು ತಪ್ಪದೆ ಓದಬೇಕಾದ, ಓದಿ ಸ್ವಲ್ಪ ಇರಿಸುಮುರಿಸುಪಡಬೇಕಾದ ಕಥೆಯಿದು. ನಾಯಕಿಗೆ ತನ್ನದೆಂಬ ಹೆಸರಿಲ್ಲ. ಮೊದಲ ಗಂಡನ ಹೆಸರಿನಿಂದ ಆಕೆ 'ಷಿಯಾಂಗ್ಲಿನ್‌ನ ಹೆಂಡತಿ'. ಎರಡನೆಯ ಮದುವೆಯಾದ ಮೇಲೂ ಊರು ಅವಳನ್ನು ಹಾಗೆಯೇ ಕರೆಯುತ್ತದೆ. ಗಂಡ ಸತ್ತ ಮೇಲೆ ಅತ್ತೆಯ ಮನೆಯಿಂದ ತಪ್ಪಿಸಿಕೊಂಡು ಬಂದು ಲು ಮನೆತನದಲ್ಲಿ ಕೆಲಸಕ್ಕೆ ಸೇರುತ್ತಾಳೆ; ಗಂಡಾಳಿನಷ್ಟು ದುಡಿಯುತ್ತಾಳೆ, ಮುಖದಲ್ಲಿ ಗೆಲುವು ಕಾಣತೊಡಗುತ್ತದೆ. ಅತ್ತೆ ಜನರನ್ನು ಕಳುಹಿಸಿ ಅವಳನ್ನು ಹೊತ್ತೊಯ್ಯಿಸಿ, ಬೆಟ್ಟದ ಹಳ್ಳಿಯೊಂದರ ಗಂಡಿಗೆ ಮಾರುತ್ತಾಳೆ. ಬಂದ ಹಣದಲ್ಲಿ ಕಿರಿಯ ಮಗನಿಗೆ ಹೆಣ್ಣು ತರುತ್ತಾಳೆ. ಮದುವೆಯ ದಿನ ಪೂಜೆಯ ಮೇಜಿನ ಮೂಲೆಗೆ ಹಣೆ ಹೊಡೆದುಕೊಂಡದ್ದರ ಗಾಯದ ಗುರುತು ಕೊನೆಯವರೆಗೂ ಉಳಿಯುತ್ತದೆ. ಎರಡನೆಯ ಗಂಡ ಜ್ವರದಿಂದ ಸಾಯುತ್ತಾನೆ. ಹೊಸ್ತಿಲ ಮೇಲೆ ಕುಳಿತು ಕಾಳು ಬಿಡಿಸುತ್ತಿದ್ದ ಪುಟ್ಟ ಮಗನನ್ನು ತೋಳ ಹೊತ್ತೊಯ್ಯುತ್ತದೆ. ಗಂಡನ ಅಣ್ಣ ಮನೆಯನ್ನು ಕಿತ್ತುಕೊಳ್ಳುತ್ತಾನೆ.

ಮತ್ತೆ ಕೆಲಸಕ್ಕೆ ಬಂದ ಅವಳು ಮಗನ ಸಾವಿನ ಕಥೆಯನ್ನು ಎಲ್ಲರಿಗೂ ಹೇಳುತ್ತಾಳೆ, ಪ್ರತಿ ಸಲವೂ ಅವೇ ಮಾತುಗಳಲ್ಲಿ, ಅದೇ ಕ್ರಮದಲ್ಲಿ. ಮೊದಮೊದಲು ಹೆಂಗಸರು ಹುಡುಕಿಕೊಂಡು ಬಂದು ಕೇಳಿ, ಕಣ್ಣೀರು ಸುರಿಸಿ, ತೃಪ್ತರಾಗಿ ಹೋಗುತ್ತಾರೆ. ಕೆಲವೇ ದಿನಗಳಲ್ಲಿ ಊರಿಗೆ ಕಥೆ ಬಾಯಿಪಾಠವಾಗುತ್ತದೆ. ಆಕೆ ಬಾಯಿ ತೆರೆದರೆ ಅವರೇ ಮೊದಲ ವಾಕ್ಯವನ್ನು ಹೇಳಿ ನಗುತ್ತಾರೆ. ಶೋಕಕ್ಕೆ ಊರು ಕೊಡುವ ಕಾಲ ಎಷ್ಟೆಂಬುದನ್ನು ಇಷ್ಟು ನಿರ್ದಯವಾಗಿ ತೋರಿಸಿದ ಬರಹ ವಿರಳ. ಸತ್ತವರ ಮುಂದೆ ಹಾಡಿಕೊಂಡು ಅಳುವ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಲ್ಲಿಯೂ ಇದೆ. ಅಲ್ಲಿ ಅಳುವಿಗೆ ಧಾಟಿಯಿದೆ, ಜೊತೆಗೂಡುವ ಕೊರಳುಗಳಿವೆ, ಇಂತಿಷ್ಟು ದಿನವೆಂಬ ಗಡುವಿದೆ. ಆ ಗಡುವಿನ ಆಚೆಗೂ ಒಬ್ಬಳೇ ಅಳುವವಳಿಗೆ ಊರು ಇಡುವ ಹೆಸರು ಹುಚ್ಚಿ ಎಂಬುದು. ಷಿಯಾಂಗ್ಲಿನ್‌ನ ಹೆಂಡತಿಯ ಮಾತು ಮಾತಾಗಿ ಯಾರನ್ನೂ ಮುಟ್ಟದೆ ಉಳಿದದ್ದರಿಂದಲೇ ಅದು ಪುನರಾವರ್ತನೆಯಾಗುತ್ತದೆ.

ಇದರ ಮೇಲೆ ನಂಬಿಕೆಯ ಹೊಡೆತ ಬೀಳುತ್ತದೆ. ಜೊತೆಯ ಕೆಲಸದಾಕೆ ಹೇಳುವ ಪ್ರಕಾರ, ಸತ್ತ ಮೇಲೆ ಇಬ್ಬರು ಗಂಡಂದಿರ ಪ್ರೇತಗಳೂ ಅವಳಿಗಾಗಿ ಜಗಳವಾಡುತ್ತವೆ, ಯಮರಾಜ ಅವಳನ್ನು ಗರಗಸದಿಂದ ಸೀಳಿ ಇಬ್ಬರಿಗೂ ಹಂಚುತ್ತಾನೆ. ಪರಿಹಾರವೂ ಅವಳಿಂದಲೇ ಬರುತ್ತದೆ: ಊರ ದೇವರ ಗುಡಿಗೆ ಒಂದು ಹೊಸ್ತಿಲನ್ನು ಮಾಡಿಸಿಕೊಟ್ಟರೆ ಅದು ಅವಳ ಬದಲಿಗೆ ಸಾವಿರಾರು ಜನರ ತುಳಿತವನ್ನು ತಿಂದು ಪಾಪವನ್ನು ಕಳೆಯುತ್ತದೆ. ಆಕೆ ಹೆಚ್ಚುಕಡಿಮೆ ಒಂದು ವರ್ಷದ ಸಂಬಳವನ್ನು ತೆತ್ತು ಹೊಸ್ತಿಲನ್ನು ಕೊಡುತ್ತಾಳೆ. ಕಣ್ಣಿನಲ್ಲಿ ಹೊಳಪು ಮರಳುತ್ತದೆ. ಹಬ್ಬದ ದಿನ ಪೂಜೆಯ ಬಟ್ಟಲುಗಳಿಗೆ ಕೈಹಾಕಿದಾಗ ಯಜಮಾನಿ ಹಿಂದಿನಂತೆಯೇ ತಡೆಯುತ್ತಾಳೆ. ಆ ತಡೆಯುವ ಒಂದು ಮಾತಿಗೆ ಷಿಯಾಂಗ್ಲಿನ್‌ನ ಹೆಂಡತಿ ಕುಸಿದುಹೋಗುತ್ತಾಳೆ. ಮಗನನ್ನು ತೋಳ ಒಯ್ದಾಗ ಉಳಿದಿದ್ದ ಬುದ್ಧಿ ಈಗ ಹೋಗುತ್ತದೆ. ಮರೆವು ಹೆಚ್ಚಿ, ಕೆಲಸ ಕೆಟ್ಟು, ಹೊರದೂಡಲ್ಪಟ್ಟು, ಭಿಕ್ಷುಕಿಯಾಗಿ, ಊರೆಲ್ಲ ಹೊಸವರ್ಷದ ಪೂಜೆಯಲ್ಲಿರುವಾಗ ಸಾಯುತ್ತಾಳೆ.

ಹೊಸ್ತಿಲೆಂಬ ವಸ್ತುವನ್ನು ಲು ಷುನ್ ಎರಡು ಬಾರಿ ತಂದಿದ್ದಾರೆ. ಮಗ ಕಾಣೆಯಾದದ್ದು ಒಂದು ಹೊಸ್ತಿಲಿನಿಂದ, ತಾಯಿ ಪಾಪ ಕಳೆಯಲು ಕೊಟ್ಟದ್ದು ಇನ್ನೊಂದು ಹೊಸ್ತಿಲನ್ನು. ಪ್ರತಿದಿನ ಹೊಸ್ತಿಲು ತೊಳೆದು ರಂಗೋಲಿ ಇಟ್ಟು ಅರಿಸಿನ ಕುಂಕುಮ ಹಚ್ಚುವ ನಾಡಿನ ಓದುಗರಿಗೆ ಈ ಗಡಿಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊಸ್ತಿಲನ್ನು ಪೂಜಿಸುವ ಅಧಿಕಾರ ಹೆಣ್ಣಿನದು, ಅದನ್ನು ದಾಟುವ ಅಧಿಕಾರ ಬೇರೆಯವರದು. ಆದರೆ ಇಲ್ಲಿ ಇನ್ನೂ ಒಂದು ಸಂಗತಿಯಿದೆ. ಅವಳನ್ನು ಕೆಡವಿದ್ದು ಧರ್ಮಗ್ರಂಥವಲ್ಲ, ಅರಸನ ಕಾನೂನಲ್ಲ. ಅಡುಗೆಮನೆಯಲ್ಲಿ ಇನ್ನೊಬ್ಬ ಬಡ ಹೆಂಗಸು ಸಹಜವಾಗಿ ಹೇಳಿದ ಜನಪದ ನಂಬಿಕೆ. ಜಾನಪದವೆಂದೊಡನೆ ದಮನಿತರ ದನಿ, ಜೀವಪರ ಪರಂಪರೆ ಎಂದು ಬರೆಯುವ ರೂಢಿಯುಳ್ಳ ಅಧ್ಯಯನಗಳು ಈ ದೃಶ್ಯದ ಮುಂದೆ ಸ್ವಲ್ಪ ನಿಲ್ಲಬೇಕು. ಮುದುಕಿಯ ಗೋಡೆಯನ್ನು ಕೆಡವಿದ ಪರಂಪರೆಯೇ ಗರಗಸವನ್ನೂ ಕಲ್ಪಿಸಿದೆ.

ಕಥೆಯನ್ನು ಹೇಳುವವನು ಪಟ್ಟಣದಲ್ಲಿ ಓದಿದ ಯುವಕ. ಸಾಯುವ ಮುನ್ನ ಆಕೆ ಅವನನ್ನು ದಾರಿಯಲ್ಲಿ ತಡೆದು ಆತ್ಮ ಉಳಿಯುವುದೇ, ನರಕವಿದೆಯೇ, ಸತ್ತವರು ಮತ್ತೆ ಕೂಡುವರೇ ಎಂದು ಕೇಳುತ್ತಾಳೆ. ಹೌದೆಂದರೆ ಮಗ ಸಿಗುತ್ತಾನೆ, ಆದರೆ ಗರಗಸವೂ ಇರುತ್ತದೆ. ಇಲ್ಲವೆಂದರೆ ಎರಡೂ ಇಲ್ಲ. ಆತ ಖಚಿತವಾಗಿ ಹೇಳಲಾರೆನೆಂದು ನುಣುಚಿಕೊಳ್ಳುತ್ತಾನೆ. ಕನ್ನಡದ ಆನಂದ ಅವರ 'ನಾನು ಕೊಂದ ಹುಡುಗಿ' ಕಥೆಯ ನಿರೂಪಕನನ್ನು ಇವನ ಪಕ್ಕದಲ್ಲಿ ನಿಲ್ಲಿಸಬಹುದು. ದೇವರಿಗೆ ಬಿಟ್ಟ ಹುಡುಗಿ ಚೆನ್ನಿಗೆ ಆತ ನೀತಿಯನ್ನು ಬೋಧಿಸಿ ಅವಳ ನಂಬಿಕೆಯನ್ನು ಕೆಡಿಸುತ್ತಾನೆ. ಅವಳು ತನ್ನ ಬದುಕನ್ನು ಅವನ ಕಣ್ಣಿನಿಂದ ನೋಡಿ ಪ್ರಾಣ ಕಳೆದುಕೊಳ್ಳುತ್ತಾಳೆ. ಒಬ್ಬ ಏನೂ ಹೇಳದೆ ಕೈಬಿಟ್ಟ, ಇನ್ನೊಬ್ಬ ಹೇಳಿ ಕೈಬಿಟ್ಟ. ಇಬ್ಬರಿಗೂ ಮರುದಿನ ಊರು ಬಿಟ್ಟು ಹೋಗುವ ಅನುಕೂಲವಿತ್ತು.

ಕೇಳುವವರಿಲ್ಲದಿದ್ದಾಗ ಹೆಣ್ಣಿನ ಮಾತು ಎಲ್ಲಿ ಹೋಗುತ್ತದೆ ಎಂಬುದು ಈ ಮೂರೂ ಕಥೆಗಳ ಒಳಗಿರುವ ಪ್ರಶ್ನೆ. ಕನ್ನಡ ಜನಪದದಲ್ಲಿ ಅದು ಬೀಸುಕಲ್ಲಿಗೆ ಹೋಯಿತು. ಹಲಸಂಗಿ ಗೆಳೆಯರು ಸಂಗ್ರಹಿಸಿದ 'ಗರತಿಯ ಹಾಡು' ಬೆಳಕಿಗೆ ಬಂದಾಗ ವಿದ್ವಾಂಸರು ಅದರ ಕವಿತ್ವಕ್ಕೆ ಬೆರಗಾದರು. ತವರಿನ ಹಂಬಲ, ಅತ್ತೆಯ ಮನೆಯ ಕಷ್ಟ, ಬಂಜೆತನದ ಅಳಲು ಅಲ್ಲಿ ಹಾಡಾಗಿವೆ. ಬೆಳಗಿನ ಜಾವದ ಕತ್ತಲೆಯಲ್ಲಿ, ಕಲ್ಲಿನ ಸದ್ದಿನ ಮರೆಯಲ್ಲಿ ಹಾಡಿದ್ದರಿಂದಲೇ ಅಷ್ಟು ಹೇಳಲು ಸಾಧ್ಯವಾಯಿತು ಎಂಬುದಕ್ಕೆ ದೊರೆತ ಗಮನ ಕಡಿಮೆ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಮೂಲೆ ಸೇರಿದಾಗ ಹೆಂಗಸರ ರಟ್ಟೆಗೆ ಬಿಡುವು ದೊರೆತದ್ದು ದೊಡ್ಡ ಉಪಕಾರ. ಆ ಮರೆ ಮಾತ್ರ ಬೇರೆಲ್ಲಿಯೂ ದೊರೆಯಲಿಲ್ಲ. ತಮಿಳಿನ ಕಥೆಯನ್ನೂ ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬೇಕು. ಅಲ್ಲಿ ಬಿದ್ದದ್ದು ಊರಾಚೆಯ ಹಾಳುಮನೆಯ ಗೋಡೆಗಳು. ಮಗ ಸೊಸೆಯರಿರುವ ಮನೆಯ ಒಂದು ಇಟ್ಟಿಗೆಯೂ ಅಲುಗಾಡಲಿಲ್ಲ.

ರಾಮಾನುಜನ್ ಅವರ ಸಂಗ್ರಹದಲ್ಲಿಯೇ ಇರುವ ಕನ್ನಡದ ಕಥೆಯೊಂದು ಇದನ್ನು ಬೇರೊಂದು ಬಗೆಯಲ್ಲಿ ಹೇಳುತ್ತದೆ. ಗಿರೀಶ ಕಾರ್ನಾಡರು 1988ರ 'ನಾಗಮಂಡಲ'ದ ಚೌಕಟ್ಟಿಗೆ ಬಳಸಿಕೊಂಡ ಕಥೆಯದು. ಒಬ್ಬ ಗೃಹಿಣಿಗೆ ಒಂದು ಕಥೆ ಮತ್ತು ಒಂದು ಹಾಡು ಗೊತ್ತಿತ್ತು. ಆಕೆ ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೆ ಉಸಿರುಗಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಕಥೆ ಬಾಗಿಲಲ್ಲಿ ಒಂದು ಜೊತೆ ಕೆರವಾಗಿ, ಹಾಡು ಗೂಟದ ಮೇಲೆ ಗಂಡಸಿನ ಅಂಗಿಯಾಗಿ ಕುಳಿತವು. ಮನೆಗೆ ಬಂದ ಗಂಡ ಯಾರದಿವು ಎಂದು ಕೇಳಿದ. ತಿಳಿಯದು ಎಂದಳು. ಜಗಳವಾಗಿ ಆತ ಕಂಬಳಿ ಹೊದ್ದು ಹನುಮಂತನ ಗುಡಿಗೆ ಮಲಗಲು ಹೋದ. ರಾತ್ರಿ ಊರಿನ ದೀಪಗಳು ಆರಿದ ಮೇಲೆ ಅವುಗಳ ಕುಡಿಗಳೆಲ್ಲ ಆ ಗುಡಿಯಲ್ಲಿ ಸೇರಿ ಮಾತನಾಡುವುದು ವಾಡಿಕೆ. ತಡವಾಗಿ ಬಂದ ಅವನ ಮನೆಯ ದೀಪದ ಕುಡಿ ನಡೆದದ್ದನ್ನೆಲ್ಲ ಉಳಿದವಕ್ಕೆ ಹೇಳುವುದನ್ನು ಅವನು ಕೇಳಿಸಿಕೊಂಡ. ಸಂಶಯ ಕಳೆದು ಬೆಳಗಿನ ಜಾವ ಮನೆಗೆ ಬಂದು, ನಿನ್ನ ಕಥೆ ಯಾವುದು, ಹಾಡು ಯಾವುದು ಎಂದು ಹೆಂಡತಿಯನ್ನು ವಿಚಾರಿಸಿದ. ಆ ಹೊತ್ತಿಗೆ ಅವೆರಡೂ ಅವಳಿಗೆ ಮರೆತುಹೋಗಿದ್ದವು.